ಕಪಿಲಿ ಕುಡಿದ ನೀರು

ತೊಗರಿ ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ಯಾವ ರೈತನಿಗೂ ನೆಮ್ಮದಿ ಇರುವುದಿಲ್ಲ. ನಾಲ್ಕು ದಿನ ಮೋಡ ಮುಸುಕಿದರೆ ಸಾಕು, ಹಸಿರು ಹುಳ ಕಾಯಿಯೊಳಗೆ ತಲೆ ತೂರಿಸುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ನಿಂಬರ್ಗಾದ ಜಗದೇವಪ್ಪನ ಹೊಲಕ್ಕೂ ಹಾಗೆಯೇ ಹುಳ ಬಿತ್ತು.

ಜಗದೇವಪ್ಪ ಚುರುಕು ಮನುಷ್ಯ. ಆ ಊರಿನಲ್ಲಿ ಮೊದಲು ಬೆನ್ನಿಗೆ ಪಂಪು ಕಟ್ಟಿಕೊಂಡವನು ಅವನೇ. ಆಳಂದದಿಂದ ಔಷಧದ ಡಬ್ಬಿ ತಂದು ಹೊಡೆದ. ಹುಳ ಜಗ್ಗಲಿಲ್ಲ. ಇನ್ನೊಂದು ಡಬ್ಬಿ ತಂದು, ಎರಡನ್ನೂ ಕೂಡಿಸಿ ಹೊಡೆದ. ಆಗ ಒಂದಿಷ್ಟು ಹುಳ ಸತ್ತವು. ಆ ಹುಳ ತಿಂದ ಗೊರವಂಕಗಳೂ ಸಾಲಿನಲ್ಲಿ ರೆಕ್ಕೆ ಚಾಚಿ ಬಿದ್ದಿದ್ದವು. ಅವನ್ನು ಕಾಲಿನಿಂದ ಬದಿಗೆ ಸರಿಸಿ ಜಗದೇವಪ್ಪ ಮುಂದೆ ನಡೆದ.

ಮತ್ತೊಂದು ಬೆಳಿಗ್ಗೆ ಅಂಗಳದಲ್ಲೇ ಔಷಧ ಕಲಸಲು ಕೂತ. ಪಕ್ಕದಲ್ಲೇ ದನ ನೀರು ಕುಡಿಯುವ ಕಲ್ಲಿನ ಬಾನಿ. ಹೆಂಡತಿ ನಿಂಬೆವ್ವ ಹೊರಗೆ ಬಂದು ನೋಡಿದಳು.

“ಬಾನಿ ಹತ್ರ ಬ್ಯಾಡ್ರಿ. ಜರಾ ದೂರ ಹೋಗಿ ಕಲಸ್ರಿ.”

“ಬಾನ್ಯಾಗೇನು ಔಷಧ ಹಾಕಾಕತ್ತೇನೇನು? ನೀರಷ್ಟೇ ತಗೀತೇನಿ. ಸುಮ್ಮ ಒಳಗ ಹೋಗು ಬೇ.”

ಔಷಧ ಅಳೆದ ಚೊಂಬನ್ನೇ ಬಾನಿಯಲ್ಲಿ ಅದ್ದಿ ನೀರು ತೆಗೆದ. ಕೈಯನ್ನೂ ಅಲ್ಲೇ ತೊಳೆದ. ಪಂಪು ಹೊತ್ತು ಹೊಲಕ್ಕೆ ಹೋದ.

ಮಧ್ಯಾಹ್ನ ಮೇದು ಬಂದ ಕಪಿಲಿ ನೇರ ಬಾನಿಗೆ ಬಾಯಿ ಹಾಕಿತು. ಕಪಿಲಿ ಆ ಮನೆಯ ಹಸು. ಹಾಲು ಕುಡಿಯುವ ಕರು ಇತ್ತು. ಜಗದೇವಪ್ಪ ಹಿಂತಿರುಗಿದಾಗ ಹಸುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿದ್ದವು. ಆಳಂದದಿಂದ ದನದ ಡಾಕ್ಟರು ಬಂದು ಸೂಜಿ ಚುಚ್ಚಿದರು.

“ಔಷಧ ಎಲ್ಲಿ ಕಲಸಿದ್ರಿ?”

ಜಗದೇವಪ್ಪ ಬಾನಿಯ ಕಡೆ ಕೈ ತೋರಿಸಿದ.

ಡಾಕ್ಟರು ಬಾನಿಯ ನೀರನ್ನು ಮೂಸಿ ನೋಡಿದರು. ಆಮೇಲೆ, “ಭಾಳ ತಡಾ ಆಗ್ಯಾದ. ಕರುವಿಗೆ ಈ ಹಾಲು ಬಿಡಬ್ಯಾಡ್ರಿ, ಅದೂ ಹೋಗ್ತದ,” ಎಂದರು.

ಕರುವಿನ ಹಗ್ಗ ಜಗದೇವಪ್ಪನ ಕೈಯಲ್ಲೇ ಇತ್ತು. ಕರು ತಾಯಿಯ ಕಡೆಗೆ ಜಗ್ಗುತ್ತಿತ್ತು. ಮಲಗಿದಲ್ಲಿಂದಲೇ ಕಪಿಲಿ ಕತ್ತು ಚಾಚಿ ಕರುವನ್ನು ನೆಕ್ಕಲು ನೋಡಿತು, ನಾಲಿಗೆ ಮುಟ್ಟಲಿಲ್ಲ. ಕೆಚ್ಚಲಿಂದ ಹಾಲು ತಾನಾಗಿಯೇ ನೆಲಕ್ಕೆ ಸೋರುತ್ತಿತ್ತು. ಹೊತ್ತು ಮುಳುಗುವ ಮೊದಲೇ ಕಪಿಲಿಯ ಉಸಿರು ನಿಂತಿತು.

ಪಕ್ಕದ ಮನೆಯ ಜೈತುನಬಿ ತಂಬಿಗೆಯಲ್ಲಿ ತಮ್ಮ ಎಮ್ಮೆಯ ಹಾಲು ತಂದಳು. “ಅಳಬ್ಯಾಡ ನಿಂಬೆವ್ವ, ಇದನ್ನ ಕುಡಿಸು. ಮುಂಜಾನೆ ಮತ್ತ ತರ್ತೇನಿ,” ಎಂದಳು. ಹಾಗೆ ಕರು ಬದುಕಿತು. ನಿಂಬೆವ್ವ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನ ಎದೆ ಕೊಂಚ ಹಗುರಾಗುತ್ತಿತ್ತೇನೋ.

ಮರು ವರ್ಷ ತೊಗರಿಗೆ ಹಿಂದಿನದಕ್ಕಿಂತ ಹೆಚ್ಚು ಹುಳ ಬಿತ್ತು. ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಭೀಮಾ ದಂಡೆಯ ಮಣ್ಣೂರಿನಿಂದ ನಿಂಬೆವ್ವನ ತಮ್ಮ ಹಣಮಂತ್ರಾಯ ಬಂದಿದ್ದ. ಅವನು ಹೊಲ ಸುತ್ತಾಡಿ ಬಂದು ಕೂತ.

“ಮಾಮಾ, ಹುಳಾ ತಿನ್ನೋ ಹಕ್ಕಿನೇ ನೀವು ಕೊಂದೀರಿ. ಇನ್ನ ಯಾರು ತಿನ್ನಬೇಕ್ರಿ?”

ಜಗದೇವಪ್ಪ ತಲೆ ಎತ್ತಲಿಲ್ಲ. “ಏನ್ ಮಾಡ್ಲಿ ಹೇಳು.”

“ಬೇವಿನ ಬೀಜ ಕುಟ್ರಿ. ಐದು ಕಿಲೋ ಪುಡಿ ಬಟ್ಟ್ಯಾಗ ಕಟ್ಟಿ ರಾತ್ರಿ ನೀರಾಗ ನೆನೆ ಹಾಕ್ರಿ. ಮರುದಿನ ಚಲೋ ಹಿಂಡಿ ಸೋಸಿ, ಒಂದೀಟು ಸಾಬೂನಿನ ಪುಡಿ ಹಾಕಿ, ನೂರು ಲೀಟರ್ ನೀರು ಮಾಡ್ರಿ. ಸಂಜಿ ತಂಪಿನಾಗ ಹೊಡೀರಿ.”

“ಅಷ್ಟಕ್ಕ ಈ ಹುಳಾ ಬಗ್ಗತದೇನೋ?”

“ಎಲ್ಲಾ ಸಾಯಂಗಿಲ್ರಿ, ಸುಳ್ಳು ಹೇಳಂಗಿಲ್ಲ ನಾ. ಸಣ್ಣವು ಸಾಯ್ತಾವ. ದೊಡ್ಡವು ಉಳದ್ರ ಗಿಡದ ಬುಡಕ ತಾಡಪತ್ರಿ ಹಾಸಿ ಅಲುಗಾಡಿಸ್ರಿ, ಉದುರಿ ಬೀಳ್ತಾವ. ಮುಂದಿನ ಸಲ ಬಿತ್ತುವಾಗ ನಡು ನಡು ಜೋಳದ ಕಾಳು ಹಾಕ್ರಿ. ತೆನಿ ಮ್ಯಾಲ ಹಕ್ಕಿ ಬಂದು ಕೂಡ್ತಾವ.”

ಗಂಡ ಹೆಂಡತಿ ಇಬ್ಬರೂ ಬೇವಿನ ನೀರು ಹೊಡೆದು, ಗಿಡ ಅಲುಗಾಡಿಸಿದರು. ಉದುರಿದ ಹುಳ ಜೈತುನಬಿಯ ಕೋಳಿಗಳಿಗೆ ಊಟವಾಯಿತು. ಆ ವರ್ಷ ಬೆಳೆ ಪೂರ್ತಿ ಬರಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಅದರ ಮುಂದಿನ ವರ್ಷ ತೊಗರಿಯ ನಡುನಡುವೆ ಜೋಳ ಹಾಕಿದರು, ಗೊರವಂಕ ಬಂದವು. ಜೋಳದ ತೆನೆಯ ಮೇಲೆ ಕೂತ ಅವನ್ನು ನೋಡಿ ಜಗದೇವಪ್ಪನಿಗೆ ಸಂತೋಷವಾಗಲಿಲ್ಲ, ಸಂಕಟವಾಯಿತು. ಇಷ್ಟು ಸಣ್ಣ ಕೆಲಸವನ್ನು ಕಪಿಲಿ ಇದ್ದಾಗಲೇ ಮಾಡಬಾರದಿತ್ತೇ?

ಅಂದಿನಿಂದ ಸುಗ್ಗಿ ಮುಗಿದ ಮೇಲೂ ಅವನು ಮನೆಯಲ್ಲಿ ಕೂಡಲಿಲ್ಲ. ಸೈಕಲ್ ಹತ್ತಿ ಊರೂರು ತಿರುಗಿ ಬೇವಿನ ನೀರು ಮಾಡುವುದನ್ನು ತಿಳಿಸಿದ. ಕರು ಕುಡಿದು ಉಳಿದ ಹಾಲು ಕುಡಿಯಿರಿ, ವಿಷ ಹೊಡೆಯದೆ ಬೆಳೆದದ್ದನ್ನು ಉಣ್ಣಿರಿ ಎಂದು ಹೇಳುತ್ತ ನಡೆದ. ಕೆಲವರು ಕೇಳಿದರು, ಕೆಲವರು ನಕ್ಕರು.

ಗೊಬ್ಬೂರಿನ ಚಂದ್ರಾಮ ನಕ್ಕವರಲ್ಲಿ ಒಬ್ಬ. ಜಗದೇವಪ್ಪ ಅವನ ಹೊಲಕ್ಕೆ ಹೋದಾಗ ಚಂದ್ರಾಮ ಬಕೀಟಿನಲ್ಲಿ ಔಷಧ ಕಲಸುತ್ತಿದ್ದ. ಬೇವಿನ ಬೀಜದ ಲೆಕ್ಕ ಕೇಳಿ ನಕ್ಕ.

“ಕಾಕಾ, ಎಲ್ಲಾರೂ ಹೊಡಿಯಾಕತ್ತಾರ. ಏನೂ ಆಗಂಗಿಲ್ಲ ಬಿಡ್ರಿ.”

“ಏನೂ ಆಗಂಗಿಲ್ಲ? ಹಂಗಾದ್ರ ಆ ಬಕೀಟು ನಿನ್ನ ಎತ್ತಿನ ಮುಂದ ಇಡು ನೋಡೋಣ.”

ಚಂದ್ರಾಮನ ಹೆಂಡತಿ ಗಂಗುಬಾಯಿ ಓಡಿ ಬಂದು ಬಕೀಟಿಗೆ ಅಡ್ಡ ನಿಂತಳು. “ಹುಚ್ಚು ಹಿಡದದೇನ್ರಿ? ಎತ್ತು ಸತ್ತು ಹೋಗ್ತದ!” ಅಂದವಳು ಬಕೀಟಿನೊಳಗೆ ನೋಡಿದಳು. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ಎತ್ತಿಗೆ ಬ್ಯಾಡಾದದ್ದು ಕಾಯಿ ಮ್ಯಾಲ ಹೊಡೀತೇವಲ್ರಿ. ಅದೇ ಬ್ಯಾಳಿ ಅಲ್ಲೇನು ನಾವು ಮಕ್ಕಳಿಗೆ ಹಾಕೋದು?”

ಚಂದ್ರಾಮನ ನಗು ನಿಂತಿತು. ಬಕೀಟನ್ನು ಬದಿಗಿಟ್ಟು ಕೇಳಿದ, “ಬೇವಿನ ಬೀಜ ಎಷ್ಟು ಅಂದ್ರಿ ಕಾಕಾ?”

ಹೊರಡುವಾಗ ಗಂಗುಬಾಯಿ ಚಹಾ ಕೊಟ್ಟಳು. “ನೀವು ಬಂದದ್ದು ಭಾಳ ಚಲೋ ಆತ್ರಿ. ದೊಡ್ಡ ಪುಣ್ಯದ ಕೆಲಸ ಮಾಡಾಕತ್ತೀರಿ.”

“ಪುಣ್ಯ ಅನ್ನಬ್ಯಾಡವ್ವಾ,” ಎಂದ ಜಗದೇವಪ್ಪ. “ಹೇಳಿದಾಗ ನಾ ಕೇಳಿದ್ರ ಸಾಕಿತ್ತು.”

ಓದುತ್ತಿರುವ ಅಣ್ಣ, ಅಕ್ಕ, ಈ ಬೇಸಿಗೆಯಲ್ಲಿ ಬೇವಿನ ಹಣ್ಣು ಉದುರುತ್ತಿದ್ದಂತೆ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿಡಿ. ದನ ನೀರು ಕುಡಿಯುವ ಕಡೆ ವಿಷದ ಡಬ್ಬಿ ಬಿಚ್ಚಬೇಡಿ. ಮನೆಯವರು ಬೇಡ ಅಂದಾಗ ಒಂದು ಗಳಿಗೆ ನಿಂತು ಕೇಳಿ. ಜಗದೇವಪ್ಪನಿಗೆ ತಡವಾಗಿ ತಿಳಿಯಿತು. ನಿಮಗೆ ಇನ್ನೂ ಹೊತ್ತಿದೆ.