ಅಲ್ಹಂಬ್ರಾದಲ್ಲಿ ಹಾಜರಿ

ಅಲ್ಹಂಬ್ರಾವನ್ನು ಇಬ್ಬರೂ ಒಟ್ಟಿಗೇ ನೋಡುವುದು ಎಂದು ಸಯೀದ್ ಮಾತು ಕೊಟ್ಟದ್ದು ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಈಗ ಅಫ್ರಾ ಆರು ತಿಂಗಳ ಕೋರ್ಸಿಗೆಂದು ಸ್ಪೇನಿನಲ್ಲಿದ್ದಳು. ಇಂದು ಗ್ರಾನಡಾದಲ್ಲಿ, ಆ ಅರಮನೆಯ ಬಾಗಿಲಲ್ಲೇ. ಸಯೀದ್ ಮಾತ್ರ ದೋಹಾದಲ್ಲಿ, ಬಿನ್ ಒಮ್ರಾನ್‌ನ ಫ್ಲ್ಯಾಟಿನ ಸೋಫಾದಲ್ಲಿ. ಲುಸೈಲ್‌ನ ಕಟ್ಟಡವೊಂದನ್ನು ಮಾಲೀಕರಿಗೆ ಒಪ್ಪಿಸುವ ಹ್ಯಾಂಡೋವರ್ ಕೆಲಸ ಬಂದು ಅವನ ರಜೆ ಖಲಾಸ್ ಆಗಿತ್ತು.

ಅಂಥ ಬೇಸರವೇನೂ ಆಗಲಿಲ್ಲ. ಗಲ್ಫಿನ ಹದಿನೆಂಟು ವರ್ಷಗಳಲ್ಲಿ ತಂಗಿಯ ನಿಖಾ, ತಮ್ಮನ ಮನೆ ಒಕ್ಕಲು, ತಂದೆಯ ದಫನ, ಎಲ್ಲಕ್ಕೂ ಅವನು ಫೋನಿನಲ್ಲೇ ಹಾಜರಿ ಹಾಕಿದ್ದ. ಎಲ್ಲಿ ನಗಬೇಕು, ಎಲ್ಲಿ ತಲೆ ತಗ್ಗಿಸಬೇಕು ಎಂಬುದು ಅಭ್ಯಾಸವಾಗಿತ್ತು. ಮಗಳಿಗೆ ಕೊಟ್ಟ ಈ ಮಾತೂ ಹಾಗೆಯೇ ಉಳಿಯುತ್ತದೆ, ಉಳಿಯಬೇಕು.

ಜುಮಾ ನಮಾಜು ಮುಗಿಸಿ ಬಂದವನು ಬಟ್ಟೆ ಬದಲಿಸಲಿಲ್ಲ. ಬೂಟನ್ನೂ ಬಿಚ್ಚಲಿಲ್ಲ.

"ಬೂಟು ಎಂತಕ್ಕೆ? ಸೋಫಾದಲ್ಲಿ ನಡೀಲಿಕ್ಕುಂಟಾ?" ಎಂದಳು ಹೆಂಡತಿ ಮಾಜಿದಾ.

"ಒಳಗೆ ತುಂಬ ದೂರ ಉಂಟು ಮಾರಾಯ್ತಿ. ಮೂರು ಗಂಟೆ ನಡೀಬೇಕು."

"ಹಾಗಾದ್ರೆ ನೀರಿನ ಬಾಟ್ಲಿಯೂ ತಕೊಳ್ಳಿ." ನಿಜಕ್ಕೂ ತಂದಿಟ್ಟಳು.

ಫೋನಿನಲ್ಲಿ ಅಫ್ರಾ ಬಂದಳು. ಬೆನ್ನಿಗೆ ಕೆಂಪು ಗೋಡೆ, ಪಕ್ಕದಲ್ಲಿ ಗೆಳತಿ ಕ್ಯಾರೊಲ್.

"ಯಲ್ಲಾ ಬಾಪಾ, ನೀವೇ ಗೈಡ್. ನಂಗೆ ಎಂತದೂ ಗೊತ್ತಿಲ್ಲ."

ನಕ್ಷೆ ಅವನಿಗೆ ಬಾಯಿಪಾಠವಿತ್ತು. "ಎಡಕ್ಕೆ ತಿರುಗು. ಈಗ ನೀರು ಕಾಣ್ತದೆ."

ನೀರು ಕಂಡಿತು. ಹುಡುಗಿಯರು ಕಿಲಕಿಲ ನಕ್ಕರು. ಆ ಕೊಳವನ್ನು ತಾನೇ ತೋಡಿಸಿದಷ್ಟು ಹೆಮ್ಮೆ ಸಯೀದನಿಗೆ.

"ಬಾಪಾ, ಕ್ಯಾರೊಲ್ ಕ್ಯಾಮೆರಾದಲ್ಲಿ ಒಂದು ಫೋಟೋ. ಎರಡು ನಿಮಿಷ. ಇಲ್ಲೇ ಇರಿ."

ಕಲ್ಲುಕಟ್ಟೆಯ ಮೇಲೆ ಅವನನ್ನು ಅಂಗಾತ ಮಲಗಿಸಿ ಹೋದಳು. ಆಕಾಶ ಕಂಡಿತು. ದೋಹಾದ್ದೂ ಆಗಬಹುದಿತ್ತು. ನಗು ದೂರವಾಯಿತು. ಎರಡು ನಿಮಿಷ ಇಪ್ಪತ್ತಾಯಿತು.

ಆಮೇಲೆ ನರೆಗೂದಲಿನ ಹೆಂಗಸೊಬ್ಬಳ ಮುಖ ಆಕಾಶವನ್ನು ಮುಚ್ಚಿತು. ಕೊರಳಲ್ಲಿ ಸಿಬ್ಬಂದಿಯ ಕಾರ್ಡು. ಏನೋ ಕೇಳಿದಳು.

"ಡಾಟರ್," ಎಂದ ಸಯೀದ್. "ಮೈ ಡಾಟರ್."

ಆಕೆ ತಲೆಯಾಡಿಸಿದಳು. ಗುರುತಿದ್ದವರು ನೋಡಲಿ ಎಂದು ಅವನ ಮುಖವನ್ನು ಮುಂದಕ್ಕೆ ಹಿಡಿದು ಹೊರಟಳು.

ಸಿಂಹಗಳ ಅಂಗಳ ಬಂತು. ಜೇನುಗೂಡಿನಂಥ ಚಾವಣಿ ಬಂತು. ಜನ ಅವನನ್ನು ನೋಡಿದರು, ಅವನು ಚಾವಣಿ ನೋಡಿದ. ಮಗುವೊಂದು ಕೈಬೀಸಿತು, ಅವನೂ ಬೀಸಿದ. ಓದಿದ್ದಕ್ಕಿಂತ ಎಲ್ಲವೂ ಚಂದವಿತ್ತು. "ನೋಡು ಅಫ್ರಾ" ಎಂದು ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಸಿಕ್ಕಿದಳಾ?" ಅಡುಗೆಮನೆಯಿಂದ ಮಾಜಿದಾ.

"ಭಾರೀ ಚಂದ ಉಂಟು," ಎಂದ.

ಕೊನೆಗೆ ಒಂದು ಮೇಜು ಬಂತು, ಅದಕ್ಕೊಂದು ಡ್ರಾಯರ್. ಒಳಗೆ ಯಾರೋ ಮರೆತ ಕನ್ನಡಕಗಳು, ಛತ್ರಿ, ಒಂಟಿ ಕೈಗವಸು. ಆಕೆ ಅವನಿಗೊಂದು ಮುಗುಳ್ನಗೆ ಕೊಟ್ಟು, ಅವನನ್ನು ಅವುಗಳ ಪಕ್ಕದಲ್ಲಿ ಮೆಲ್ಲಗೆ ಇಟ್ಟು, ಡ್ರಾಯರ್ ಮುಚ್ಚಿದಳು.

ಕಾಲ್ ಕಟ್ಟಾಗಿರಲಿಲ್ಲ. ಕಪ್ಪು ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಹೊರಗೆ ಹೆಜ್ಜೆಗಳು ಹಾದುಹೋಗುತ್ತಿದ್ದವು, ಒಂದೊಂದೂ ಅವಳದೇ ಎನಿಸುವಂತೆ.

ಅಲ್ಹಂಬ್ರಾವನ್ನು ಇಬ್ಬರೂ ನೋಡಿದರು. ಒಟ್ಟಿಗೆ ನೋಡಲಿಲ್ಲ.