ಡೀಡೀಟಯ್ಯ ಎಂಬ ಅಂಕಿತನಾಮ

ನನ್ನ ಹೆಸರು ಡೀಡೀಟಯ್ಯ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ನಡುವೆ ಕಿಸಕ್ಕೆಂದರೆ ನನಗೆ ಸಿಟ್ಟು ಬರುತ್ತದೆ. ಶಿವ ಎಂಬುದಕ್ಕೆ ಅರ್ಥವಿದೆ, ರಂಗ ಎಂಬುದಕ್ಕೆ ಅರ್ಥವಿದೆ, ನಮ್ಮ ಸೀಮೆಯ ಸಮಸ್ತ ಮಾದಯ್ಯಂದಿರ ಬೆನ್ನಿಗೆ ಬೆಟ್ಟದ ಮೇಲೆ ಒಬ್ಬ ಮಾದಪ್ಪನಿದ್ದಾನೆ. ನನ್ನ ಬೆನ್ನಿಗೆ ಇರುವುದು ಸೊಳ್ಳೆ, ತಿಗಣೆ ಸಾಯಿಸುವ ಒಂದು ಔಷಧಿ. ಅದಕ್ಕೆ ಪುರಾಣವಿಲ್ಲ, ವಾಸನೆಯಿದೆ.

ನಾನು ಹುಟ್ಟುವ ಮೊದಲು ಉಡಿಗಾಲದ ನಮ್ಮ ಮನೆಯಲ್ಲಿ ನಮ್ಮವ್ವ ಸೋಮಮ್ಮನಿಗೆ ಮೂರು ಕೂಸು ಹುಟ್ಟಿದ್ದವು. ಮೂರೂ ಚಳಿಜ್ವರಕ್ಕೆ ಹೋಗಿದ್ದವು. ಮೊದಲನೆಯದಕ್ಕೆ ನಮ್ಮಪ್ಪ ರಾಚಯ್ಯ, ಚಾಮರಾಜನಗರದಲ್ಲಿ ನಾಟಕ ನೋಡಿ ಬಂದ ಹುಮ್ಮಸ್ಸಿನಲ್ಲಿ, ರಾಜಶೇಖರ ಎಂದು ಹೆಸರಿಟ್ಟಿದ್ದ. ಎರಡನೆಯದು ಚೆಲುವಾಜಮ್ಮ. ಎರಡೂ ತೊಟ್ಟಿಲು ದಾಟದೆ ಹೋದಾಗ ಅಪ್ಪನ ಅವ್ವ, ನನ್ನಜ್ಜಿ ಪುಟ್ಟಸಿದ್ದಮ್ಮ, ಮಗನ ಮೇಲೆ ಹರಿಹಾಯ್ದಳು.

"ಚೆಂದುಳ್ಳಿ ಹೆಸ್ರು ಮಡಗಿ ಯಮನ್ನ ಊಟಕ್ಕ ಕರದಂಗಾಯ್ತಲ್ಲೋ ಬಡ್ಡೈದ್ನೆ! ಅವನೇನ್ ಒಲ್ಲೆ ಅಂದಾನಾ?"

ಇಂಥ ಮನೆಗಳಿಗೆ ನಮ್ಮ ಕಡೆ ಒಂದು ಮದ್ದಿದೆ. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ನೆರೆಯವಳೊಬ್ಬಳಿಗೆ ಒಂದು ಮೊರ ತೌಡಿಗೆ ಮಾರಿ, ಕೇಳಿದವರು ಮುಖ ಸಿಂಡರಿಸುವಂಥ ಹೆಸರಿಡುವುದು. ಯಮ ಬಂದು ವಿಚಾರಿಸಿದರೆ ಇದು ಕಸ, ಇದಕ್ಕೆ ಹೆತ್ತವರೂ ಗತಿಯಿಲ್ಲ ಎಂದುಕೊಂಡು ಮುಂದಿನ ಮನೆಗೆ ಹೋಗಲಿ ಎಂಬ ಉಪಾಯ. ಮುಂದಿನ ಮನೆಯವರ ಪಾಡೇನು ಎಂದು ಯಾರೂ ಕೇಳುವುದಿಲ್ಲ. ಮೂರನೆಯ ಕೂಸಿಗೆ ಇದೆಲ್ಲ ಮಾಡಿ ತಿಪ್ಪಯ್ಯ ಎಂದು ಕರೆದರು. ತಿಪ್ಪಯ್ಯನೂ ಹೋದ.

ಬೇರೆಯವರಾಗಿದ್ದರೆ ಮದ್ದನ್ನೇ ಅನುಮಾನಿಸುತ್ತಿದ್ದರು. ಅಜ್ಜಿ ಯಮನನ್ನು ಅನುಮಾನಿಸಿದಳು. "ಬೀದಿಗ್ ನಾಕು ತಿಪ್ಪಯ್ಯ ಅವರ. ಆ ಕ್ವಾಣದ ಸವಾರ್‌ನಿಗೆ ತಿಪ್ಪ ವಾಸ್ನ ಒಗ್ಗೋಗದ ಕಣ. ಇನ್ನೊಂದ್ ಆದ್ರ ಒಸಾ ಹೆಸ್ರೇ ಉಡುಕ್ಬೇಕು" ಎಂದಳು.

ಆ ಇನ್ನೊಂದು ನಾನು. ಐವತ್ತಮೂರೋ ನಾಲ್ಕೋ ಇಸವಿ. ನಾನಿನ್ನೂ ಹಸಿಗೂಸಾಗಿದ್ದಾಗ ಸರ್ಕಾರದವರು ಮನೆಮನೆಗೆ ಔಷಧಿ ಹೊಡೆಯಲು ಬಂದರು. ಅವರ ಮೇಸ್ತ್ರಿ ಗೋವಿಂದಯ್ಯ ಎಂಬವನು ಊರನ್ನೇ ಬೀದಿಗೆ ತಂದ. ಗಡಿಗೆ, ಕುಕ್ಕೆ, ರಾಗಿಚೀಲ, ಒನಕೆ, ಕೊನೆಗೆ ನಾನೂ ಅವ್ವನೂ, ಎಲ್ಲರೂ ಹೊಂಗೆ ಮರದಡಿ ರಾಶಿ ಬಿದ್ದೆವು. ಅಜ್ಜಿ ಮಾತ್ರ ದೇವರಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಿ, ಸೊಳ್ಳೆ ದೇವರಮನೇಲೂ ಕೂತ್ಕತದ" ಎಂದ ಗೋವಿಂದಯ್ಯ.

"ಕೂತ್ಕಳ್ಳಿ ಬುಡು. ಅದ್ಕೂ ಭಕ್ತಿ ಇರಬಾರ್ದಾ?"

ಗೋವಿಂದಯ್ಯ ಇಂಥ ಎಷ್ಟೋ ಅಜ್ಜಿಯರನ್ನು ನೋಡಿದವನು. ಅವಳ ಪಕ್ಕದಿಂದಲೇ ಪಂಪು ತೂರಿಸಿ ಮಾದಪ್ಪನಿಗೂ ಒಂದು ಸುತ್ತು ಹೊಡೆದ. ಸ್ವಲ್ಪ ಹೊತ್ತಿಗೆ ಅಟ್ಟದಿಂದ ತಿಗಣೆಗಳು ಉದುರತೊಡಗಿದವು. ಗೋಡೆಯ ಹಲ್ಲಿ ಜಾರಿ ಬಿತ್ತು. ಒಳಗಿದ್ದ ಬೆಕ್ಕು ತೂರಾಡುತ್ತ ಹೊರಬಂದು, ನಮ್ಮ ವಂಶದ ಋಣ ತೀರಿತೆಂಬಂತೆ ಹೊಲದ ಕಡೆ ನಡೆದುಬಿಟ್ಟಿತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಇದನ್ನೆಲ್ಲ ನೋಡಿದಳು. ಅವಳ ಮುಖದಲ್ಲಿದ್ದ ಸಿಟ್ಟು ಮೆಲ್ಲಗೆ ಇಳಿಯಿತು.

"ಇದ್ಕ ಏನ್ಲಾ ಹೆಸ್ರು?"

"ಡೀಡೀಟಿ ಕಣಜ್ಜಿ."

"ಅಂಗಂದ್ರ?"

"ನಂಗೇನ್ ಗೊತ್ತು? ಇಂಗ್ಲೀಸ್ನೋರು ಮೂರಕ್ಸರ ಮಡಗವ್ರ."

"ದೇವ್ರ ಹೆಸ್ರಾ? ಸತ್ತೋರ ಹೆಸ್ರಾ?"

"ಎಲ್ಡೂ ಅಲ್ಲ."

"ಸಾಕು ಬುಡು" ಎಂದು ಅಜ್ಜಿ ಹೊಂಗೆ ಮರದ ಕಡೆ ತಿರುಗಿ ಕೂಗಿದಳು: "ಸೋಮೀ, ಆ ಕೂಸ್ನ ತಕ್ಕಂಡ್ ತಿಪ್ಪ ತಾವ್ಕ ಬಾ! ಹೆಸ್ರು ಸಿಕ್ತು!"

ನಾಮಕರಣಕ್ಕೆ ಜೋಯಿಸರಿಲ್ಲ, ಪಾಯಸವಿಲ್ಲ. ಪಕ್ಕದ ಮನೆಯ ಬಸವಮ್ಮ, ಹೆತ್ತ ಮಕ್ಕಳನ್ನೆಲ್ಲ ಉಳಿಸಿಕೊಂಡ ಗಟ್ಟಿಗಿತ್ತಿ, ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡಳು. ತೌಡನ್ನು ಎಮ್ಮೆ ತಿಂದಿತು. ಅಂದಿನಿಂದ ನಾನು ಬಸವಮ್ಮನ ಸ್ವತ್ತು. ಅವ್ವ ನನಗೆ ಹಾಲು ಕೊಡಬಹುದು, ಮೀಯಿಸಬಹುದು, ಬೇಕಾದರೆ ನಾಲ್ಕು ಬಾರಿಸಬಹುದು. ನನ್ನ ಮಗ ಎನ್ನುವಂತಿಲ್ಲ.

ಬೇರೆ ಮನೆಗಳಲ್ಲಿ ಈ ಕಟ್ಟುಪಾಡು ಕೂಸು ಅಂಬೆಗಾಲಿಡುವಷ್ಟರಲ್ಲಿ ಸಡಿಲವಾಗುತ್ತದೆ. ಮೂರನ್ನು ಮಣ್ಣು ಮಾಡಿದ ನಮ್ಮವ್ವ ಸಡಿಲ ಬಿಡುವವಳಲ್ಲ. "ಯಾರ ಕೂಸಮ್ಮಿ?" ಎಂದು ದಾರಿಯಲ್ಲಿ ಯಾರೇ ಕೇಳಲಿ, "ಬಸವಮ್ಮಂದು" ಎನ್ನುವಳು. ಮುತ್ತಿಡಲಿಲ್ಲ, ಮುದ್ದು ಮಾತಾಡಲಿಲ್ಲ. "ಲೇ ಡೀಡೀಟಿ, ಉಣ್ಣು ಬಾ" ಎಂಬುದೇ ನನ್ನ ಪಾಲಿನ ಜೋಗುಳ. ನಾನು ಬಸವಮ್ಮನ ಮನೆಗೆ ಹೋಗಿ ಅವಳ ಮಕ್ಕಳ ಸಾಲಿನಲ್ಲಿ ಕೂತರೆ ಅವರು "ತೌಡು ಬಂತು" ಎಂದು ಒದ್ದು ಎಬ್ಬಿಸುತ್ತಿದ್ದರು. ಅತ್ತ ಮಗನಲ್ಲ, ಇತ್ತ ಮಗನಲ್ಲ. ನನಗೆ ಅದು ಬಹಳ ನೋಯುತ್ತಿತ್ತು.

ಆದರೆ ಬದುಕಿದೆ. ಸೊಳ್ಳೆ ಸತ್ತವು, ಅದಕ್ಕೆ ನಾನು ಸಾಯಲಿಲ್ಲ. ಇಷ್ಟು ಸರಳ ಮಾತು ಅಜ್ಜಿಗೆ ರುಚಿಸಲಿಲ್ಲ. ಉಳಿಸಿದ್ದು ಹೆಸರು ಎಂದು ಸಂತೆಮರಹಳ್ಳಿ ಸಂತೆಯಲ್ಲಿ ಸಾರಿಕೊಂಡು ಬಂದಳು. ಕೂಸು ಕಳೆದುಕೊಂಡವರು ಯಾವ ಊರಲ್ಲಿಲ್ಲ? ಕುದೇರಿನಲ್ಲಿ ಒಬ್ಬ ಡೀಡೀಟಯ್ಯ ಹುಟ್ಟಿದ, ಅದರಾಚೆ ಒಬ್ಬಳು ಡೀಡೀಟಮ್ಮ. ಸಂತೆಯಲ್ಲಿ ಅಜ್ಜಿ ನನ್ನನ್ನು ಕೂಗಿದರೆ ಬೇರೆ ಯಾವಳದೋ ಸೊಂಟದ ಮೇಲಿನ ಕೂಸೂ ತಿರುಗಿ ನೋಡುತ್ತಿತ್ತು. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ನಡೆದಾಡುವ ಶೈಲಿಯೇ ಬದಲಾಯಿತು.

ನನಗೆ ಐದು ತುಂಬಿದ ವರ್ಷ ಅಪ್ಪ ಕಡಲೆಕಾಯಿ ಗಾಡಿ ಹೊಡೆದುಕೊಂಡು ಗುಂಡ್ಲುಪೇಟೆಯ ಸಾಹುಕಾರ ಶಾಂತಮಲ್ಲಪ್ಪನವರ ಮಂಡಿಗೆ ಹೋದವನು, ಎಲೆಯಲ್ಲಿ ಒಬ್ಬಟ್ಟು ಕಟ್ಟಿಸಿಕೊಂಡು ಬಂದ. ಸಾಹುಕಾರರ ಮೊಮ್ಮಗನ ನಾಮಕರಣವಂತೆ. ಬೆಳ್ಳಿ ತೊಟ್ಟಿಲಂತೆ. ಹೆಸರು ಡೀಡೀಟಪ್ಪ ಅಂತೆ.

ಒಬ್ಬಟ್ಟು ಕಚ್ಚಿದ ಅಜ್ಜಿ ಅಲ್ಲೇ ನಿಂತಳು. "ಕೆಟ್ಟೋಯ್ತು ಕಣೋ! ಯಾರ್ಗೂ ಬ್ಯಾಡ್ದೆ ಇರ ಹೆಸ್ರು ಅಂತ ಮಡಗಿದ್ದು. ಈಗ ಬೆಳ್ಳಿ ತೊಟ್ಲು ಅತ್ಬುಡ್ತಲ್ಲ! ಸಾವ್ಕಾರ್ರೇ ಆಸ ಪಟ್ ಮ್ಯಾಲ ಯಮ ಆಸ ಪಡಲ್ವಾ?" ಎಂದು ಹಣೆ ಚಚ್ಚಿಕೊಂಡಳು, ಆಮೇಲೆ ಉಳಿದ ಒಬ್ಬಟ್ಟನ್ನೂ ತಿಂದಳು. ಅವ್ವ ತನ್ನ ಪಾಲನ್ನು ಮುಟ್ಟಲಿಲ್ಲ. ನನ್ನ ಹಣೆ, ಕತ್ತು ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಲೇ ಇದ್ದಳು.

ಬೆಳಗಾಗುತ್ತಲೇ ಯಾರಿಗೂ ಹೇಳದೆ ನನ್ನನ್ನು ಎಳೆದುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದಳು. ತವರಿಗೆ ಬಿಟ್ಟರೆ ಬೇರೆಲ್ಲಿಗೂ ಒಬ್ಬಳೇ ಹೋದವಳಲ್ಲ. ಸಾಹುಕಾರರ ಜಗಲಿಯ ಕೆಳಗೆ ಸೆರಗು ಹೊದ್ದು ನಿಂತಳು. ಶಾಂತಮಲ್ಲಪ್ಪನವರ ಹೆಂಡತಿ ಚಂದ್ರಮತಿ ಹೊರಗೆ ಬಂದರು. ಹಣೆಯ ತುಂಬ ವಿಭೂತಿ, ಒಳಗಿನಿಂದ ತೊಟ್ಟಿಲ ಗೆಜ್ಜೆಯ ಸದ್ದು.

"ಯಾರಮ್ಮಿ ನೀನು?"

"ಉಡಿಗಾಲದೋಳು ಕಣ್ರವ್ವ. ನಿಮ್ ಮೊಮ್ಮಗಂಗ ಮಡಗಿರ ಹೆಸ್ರು ತಗದ್ಬುಡಿ. ಅದು ಈ ಕೂಸಿಂದು."

ಹಿಂದೆ ದಿಂಬಿಗೆ ಒರಗಿದ್ದ ಸಾಹುಕಾರರು ಗಹಗಹಿಸಿ ನಕ್ಕರು. ಚಂದ್ರಮತಿ ನಗಲಿಲ್ಲ. "ತಗದ್ಬುಡದಾ? ನನ್ ಮಗಳು ಎರಡು ಕೂಸು ಕಳ್ಕಂಡವ್ಳ ಕಣಮ್ಮಿ. ಈ ಹೆಸ್ರಲ್ಲಿ ಐಕ್ಳು ಉಳ್ದವ ಅಂತ ಕೇಳಿ ಮಡಗಿದ್ದು."

"ಮಡಿಕಂಡ್ರ ಮಡಿಕಳಿ, ಬೆಳ್ಳಿ ತೊಟ್ಲು ಯಾಕ್ರವ್ವ? ಹೆಸ್ರೇ ಕೆಡ್ಸ್ಬುಟ್ರಲ್ಲ. ತಿಪ್ಪ ಮೇಲಾದ್ರೂ ಒಂದ್ಸಲ ಉರುಳ್ಸಿ."

"ನನ್ ಮೊಮ್ಮಗನ್ನ ತಿಪ್ಪೆಗಾ!" ಎಂದು ಸಾಹುಕಾರರು ಏಳಲು ಹೋದರು. ಹೊಟ್ಟೆ ಬಿಡಲಿಲ್ಲ, ಮತ್ತೆ ಒರಗಿದರು.

ಚಂದ್ರಮತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಕೂಸ್ಗ ನೀನು ಏನಾಗ್ಬೇಕು?"

ಅವ್ವ ನನ್ನನ್ನು ಸೆರಗಿನ ಮರೆಗೆ ಎಳೆದುಕೊಂಡಳು. "ಇದು... ಬಸವಮ್ಮನ ಕೂಸು."

"ಅಂಗಾದ್ರ ನೀ ಯಾರು ಕೇಳಕ? ಓಗು, ಆ ಬಸವಮ್ಮನ್ನೇ ಕಳುಸು."

ನಾನು ಅವ್ವನ ಕೈ ಹಿಡಿದಿದ್ದೆ. ಹೆತ್ತವಳೆಂದರೆ ಯಮ ಕೇಳಿಸಿಕೊಳ್ಳುತ್ತಾನೆ, ಅಲ್ಲವೆಂದರೆ ಹೆಸರು ಕೈಬಿಟ್ಟು ಹೋಗುತ್ತದೆ. ಅವಳು ಒಮ್ಮೆ ಬೀದಿಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕಿರುಚಿದಳು.

"ನನ್ ಮಗ ಕಣ್ರವ್ವಾ! ನಾನೇ ಹೆತ್ತಿರದು. ಬಸವಮ್ಮ ತೌಡ್ ಕೊಟ್ಟವ್ಳ ಅಷ್ಟೇಯ. ನನ್ ಮಗ!"

ಕಿರುಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ಚಂದ್ರಮತಿ ದಡದಡ ಮೆಟ್ಟಿಲಿಳಿದು ಬಂದು, ಮಡಿ ಮೈಲಿಗೆ ನೋಡದೆ ಅವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಮೆಲ್ಲಕ ಹೇಳಮ್ಮಿ, ಮೆಲ್ಲಕ" ಎಂದರು. "ಬೆಳ್ಳಿ ತೊಟ್ಲು ಇವತ್ತೇ ಅಟ್ಟಕ್ಕ ಆಕಿಸ್ತೀನಿ. ಹರುಕು ಸೀರೇಲಿ ಜೋಲಿ ಕಟ್ತೀನಿ. ಹೆಸ್ರು ಮಾತ್ರ ಕೇಳ್ಬ್ಯಾಡ ಕಣವ್ವ. ಇಬ್ರಿಗೂ ಇರ್ಲಿ."

ಅವ್ವ ತಲೆಯಾಡಿಸಿದಳು. ಹೆಸರು ಅರ್ಧ ಗೆದ್ದಳು, ಅರ್ಧ ಸೋತಳು. ಅದರ ಮೇಲೆ ಅವಳ ಗಮನವೇ ಇರಲಿಲ್ಲ.

ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತಾಗ ಅವಳು ನನ್ನನ್ನು ಸೆರಗಿನೊಳಗೆ ಸುತ್ತಿ, ರಸ್ತೆಯಲ್ಲಿ ಯಾವ ಕೋಣ ಬಂದರೂ ಬೆಚ್ಚಿಬೀಳುತ್ತಿದ್ದಳು. ಬಂದದ್ದು ಬಸ್ಸು ಮಾತ್ರ. ಹತ್ತಿದ ಮೇಲೆ ಕಂಡಕ್ಟರು, ಹುಡುಗನನ್ನು ಸೀಟಿನಿಂದ ಇಳಿಸಿ ಎಂದು ಗದರಿದ.

"ನನ್ ಮಗ ಕಣಪ್ಪ" ಎಂದಳು ಅವ್ವ.

"ಯಾರ ಮಗನಾದ್ರ ನಂಗೇನಮ್ಮ, ಮಡ್ಲಲ್ಲಿ ಕೂರುಸ್ಕೊ."

ಅವಳು ಕೂರಿಸಿಕೊಂಡಳು. ಆ ಮಡಿಲಿನಲ್ಲಿ ನಾನು ಹಾಗೆ ಕೂತದ್ದು ಅದೇ ಮೊದಲು, ಎಲ್ಲಿ ಕೈ ಇಡಬೇಕೆಂದೇ ನನಗೆ ತಿಳಿಯಲಿಲ್ಲ. ತೆರಕಣಾಂಬಿ ದಾಟುವ ತನಕ ಅವಳು ಮುಂದಿನ ಸೀಟಿನವಳಿಗೆ, ಹಿಂದಿನ ಸೀಟಿನವನಿಗೆ, ಕೋಳಿ ಹಿಡಿದು ನಿಂತಿದ್ದ ಮುದುಕನಿಗೆ, ಯಾರೂ ಕೇಳದಿದ್ದರೂ, ನನ್ ಮಗ ಎಂದು ಹೇಳುತ್ತಲೇ ಇದ್ದಳು.

"ಅವ್ವಾ, ಈಗ ಯಮ ಬತ್ತಾನಾ?" ಎಂದು ಕೇಳಿದೆ.

"ಬರ್ಲಿ ಬುಡು ಮಗ" ಎಂದಳು. "ಅವನ್ಗೂ ಹೇಳ್ತೀನಿ."