ಪ್ರಾಣಿಶಾಲೆಯ ಬಾಗಿಲಿಗೆ ಡೇರೆ ಹೂವು

ಬೇಲಿಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ವೇದಾ ಅಲ್ಲೇ ನಿಂತುಬಿಟ್ಟಳು. ಬೆಳಿಗ್ಗೆ ಮಾರಿಗುಡಿಗೆ ಹೊರಟಾಗ ಅಂಗಳದ ತುಂಬ ಡೇರೆ ಹೂವಿತ್ತು. ಈಗ ಮೊಣಕಾಲೆತ್ತರದ ಮೋಟು ಕಡ್ಡಿಗಳು ಮಾತ್ರ ಉಳಿದಿದ್ದವು. ಮಂಚಿಕೇರಿಯ ತವರಿನಿಂದ ತಂದಿದ್ದ, ಬಿಳಿ ಎಸಳಿಗೆ ಕೆಂಪು ಅಂಚಿನ ಆ ಒಂದೇ ಒಂದು ಗಿಡವನ್ನೂ ಬಿಟ್ಟಿರಲಿಲ್ಲ.

ಜಗಲಿಯಲ್ಲಿ ಅವಳ ಗಂಡ ಗೋವಿಂದ ಹೆಗಡೆಯವರು ಎಲೆಯಡಿಕೆಯ ಕವಳ ಹಾಕುತ್ತ ಆರಾಮಾಗಿ ಕೂತಿದ್ದರು.

"ನಿಂಗಳೇ ಕುಯ್ಸಿದ್ರಾ?"

"ಮತ್ಯಾರು? ನಾಳೆ ಕಾರವಾರದಿಂದ ಕಲೆಕ್ಟರ್ ಸಾಹೇಬ್ರು ಬತ್ತ. ಪ್ರಾಣಿಶಾಲೆ ಬಾಗಿಲ ಮುಂದೆ ಎಲ್ಲಾ ನೆಡ್ಸಿದ್ದೆ. ನವಿಲಿನ ಆಕಾರ! ನೋಡವು ನೀನು."

"ಹೂವಿನ ಕಡ್ಡಿ ಊರಿದ್ರೆ ಡೇರೆ ಹತ್ತತಿಲ್ಲೆ. ಗೆಡ್ಡೆಯನ್ನೇ ನೆಡವು."

"ಯಂಗೆ ಹೇಳಿಕೊಡಡ. ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ದಾಸವಾಳ, ಆನು ಊರಿದ ಯಾವ ಕಡ್ಡಿ ಹತ್ತಿದ್ದಿಲ್ಲೆ? ಹೂವು ಹೆಂಗಸ್ರ ಆಟ. ಇದು ತೋಟದ ಕೆಲಸ."

ಅವರ ಅಪ್ಪ, ಅಜ್ಜ ಎಲ್ಲರೂ ಬಳ್ಳಿಯ ತುಂಡು ಊರಿಯೇ ದೊಡ್ಡವರಾದವರು. ಮಣ್ಣಿಗೆ ಚುಚ್ಚಿದ್ದೆಲ್ಲ ತಮ್ಮ ಮುಖ ನೋಡಿ ಚಿಗುರಲೇಬೇಕು ಎಂಬ ನಂಬಿಕೆ ಆ ಮನೆತನದ ಗಂಡಸರ ರಕ್ತದಲ್ಲೇ ಇತ್ತು.

ಇನ್ನು ಆ ಪ್ರಾಣಿಶಾಲೆಯೋ, ದೇವರಿಗೇ ಪ್ರೀತಿ. ಒಂದು ಕುಂಟು ಚಿರತೆ, ರೋಮ ಉದುರಿದ ಒಂದು ಕರಡಿ, ಯಾರೋ ಸಾಕಿ ಬೇಸತ್ತು ಕೊಟ್ಟ ಜಿಂಕೆಗಳು. ಹಿತ್ತಲಿಗೆ ಬಂದು ನಾಯಿ ಹೊತ್ತೊಯ್ಯುವ ಚಿರತೆಯನ್ನು ಡಬ್ಬ ಬಡಿದು ಓಡಿಸುವ ಶಿರಸಿಯ ಜನ, ಇನ್ನು ಮೇಲೆ ಒಳ್ಳೆಯ ಅಂಗಿ ತೊಟ್ಟು ಅದನ್ನು ನೋಡಲು ಹೋಗಬೇಕಂತೆ. ಪ್ರಾಣಿಶಾಲೆ ಸಮಿತಿಯ ಅಧ್ಯಕ್ಷರು ಹೆಗಡೆಯವರೇ. ಅಡಿಕೆ ವ್ಯಾಪಾರಕ್ಕೆಂದು ಮುಂಬೈಗೆ ಹೋದವರು ಒಂದು ಸಂಜೆ ಅಲ್ಲಿನ ಪ್ರಾಣಿಶಾಲೆ ರಾಣಿಬಾಗ್ ನೋಡಲು ಹೋಗಿದ್ದರು. ಹೋಗುವಷ್ಟರಲ್ಲಿ ಹೊತ್ತು ಮೀರಿ ಬಾಗಿಲು ಹಾಕಿತ್ತು. ಹಾಗಾಗಿ ಅವರು ನೋಡಿದ್ದು ಬಾಗಿಲನ್ನು ಮಾತ್ರ. ಅಷ್ಟಕ್ಕೇ ಊರಿಗೆ ಬಂದು, ಪ್ರಾಣಿಶಾಲೆಗೆ ಮುಖ್ಯವಾದದ್ದು ಪ್ರಾಣಿಯಲ್ಲ, ಬಾಗಿಲ ಮುಂದಿನ ಉದ್ಯಾನ ಎಂದು ಸಭೆಯಲ್ಲಿ ಭಾಷಣ ಮಾಡಿದರು. ತಲೆ ಅಲ್ಲಾಡಿಸುವವರಿಗೆ ಊರಿನಲ್ಲಿ ಯಾವತ್ತೂ ಬರವಿಲ್ಲ.

ಶಿರಸಿಯ ಪ್ರಾಣಿಶಾಲೆಯ ಬಾಗಿಲ ಮುಂದೆ ತಾನಾಗಿ ಬೆಳೆದ ಜರಿಗಿಡ, ಕೇದಗೆ, ಹೂ ಬಿಟ್ಟ ಬಳ್ಳಿ ಎಲ್ಲ ಇತ್ತು. ಮುಂಬೈಯವರು ಕಂಡಿದ್ದರೆ ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಹೆಗಡೆಯವರು ಅದನ್ನೆಲ್ಲ ಕಡಿಸಿ ನೆಲ ಬೋಳಿಸಿದರು. ಅರ್ಧಚಂದ್ರದ ಹಾಗೆ ಪಾತಿ ಮಾಡಿಸಿದರು. ಪುಣೆಯಿಂದ ಹುಲ್ಲಿನ ಬೀಜ ತರಿಸಿ ಬಿತ್ತಿಸಿದರು. ಹುಲ್ಲು ಕಿತ್ತು ಕಿತ್ತು ಸೊಂಟ ಬೀಳುವ ಊರಿನಲ್ಲಿ! ಮೊದಲ ಮಳೆಗೇ ಬೀಜವೆಲ್ಲ ಗಟಾರ ಸೇರಿತು. ಸಾಹೇಬರು ಬರುವ ದಿನ ಹತ್ತಿರವಾದರೂ ಪಾತಿಯಲ್ಲಿ ಕೆಂಪು ರಾಡಿ ಬಿಟ್ಟು ಬೇರೇನೂ ಇರಲಿಲ್ಲ. ಆಗ ಅಧ್ಯಕ್ಷರ ಕಣ್ಣು ಸ್ವಂತ ಅಂಗಳದ ಮೇಲೆ ಬಿತ್ತು.

ಆ ಅಂಗಳದಲ್ಲಿ ಏನಿತ್ತೆಂದು ಅವರಿಗೆ ಗೊತ್ತಿದ್ದರೆ ತಾನೆ? ಡೇರೆ ಗೆಡ್ಡೆಯನ್ನು ಆ ಸೀಮೆಯ ಹೆಂಗಸರು ಮಾರುವುದಿಲ್ಲ, ಕೊಳ್ಳುವುದಿಲ್ಲ. ತವರಿಗೋ ನೆಂಟರ ಮನೆಗೋ ಹೋದವರು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಯಾರ ಮನೆಯ ಬಣ್ಣವೋ ಆ ಮನೆಯ ಹೆಸರು ಗಿಡಕ್ಕೆ. ವೇದಾಳ ಅಮ್ಮ ತೀರಿಕೊಂಡ ವರ್ಷ ಮಂಚಿಕೇರಿಯ ಮನೆಯೂ ಪಾಲಾಗಿ ಅಂಗಳವನ್ನು ಅಗೆದುಹಾಕಿದ್ದರು. ಕೆಂಪಂಚಿನ ಡೇರೆ ಉಳಿದದ್ದು ಇವಳ ಹತ್ತಿರ ಮಾತ್ರ. ಪಕ್ಕದ ಮನೆಯ, ಲಾರಿ ಓಡಿಸುವ ಅಬ್ದುಲ್ ರಜಾಕನ ಹೆಂಡತಿ ಶಮ್ಸುನ್ನಿಸಾ ಅದನ್ನು ಕೇಳಿ ಕೇಳಿ ಸೋತಿದ್ದಳು. ಎರಡು ಮನೆಗಳ ನಡುವಿನ ಗೋಡೆಯನ್ನು ಒಂದು ಲೋಟ ನೀರು ದಾಟುವಂತಿರಲಿಲ್ಲ. ಗೆಡ್ಡೆಗಳು ಮಾತ್ರ ಎಷ್ಟೋ ಸಲ ದಾಟಿದ್ದವು. ಈ ಒಂದನ್ನು ಮಾತ್ರ ವೇದಾ ಯಾರಿಗೂ ಕೊಟ್ಟಿರಲಿಲ್ಲ.

ಮಾರನೇ ದಿನ ಅಧ್ಯಕ್ಷರ ಹೆಂಡತಿಯೆಂದು ಅವಳೇ ಆರತಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾಯಿತು. ಮಳೆ ಬಿಟ್ಟು ಚುರುಚುರು ಬಿಸಿಲು. ಸಾಹೇಬರು ತಡಮಾಡಿದಷ್ಟೂ ಹೂವಿನ ನವಿಲು ಬಾಡುತ್ತ ಹೋಯಿತು. ಮೊದಲು ಕತ್ತು ಜೋತಿತು, ಆಮೇಲೆ ಗರಿ. ತನ್ನ ಹೂವುಗಳು ಕಣ್ಣೆದುರೇ ಮುಖ ಕೆಳಗೆ ಹಾಕುವುದನ್ನು ತಟ್ಟೆ ಹಿಡಿದು ನೋಡುತ್ತ ನಿಂತ ವೇದಾಳಿಗೆ ಗಂಡನ ಮೇಲೆ ಹೇಸಿಗೆ ಹುಟ್ಟಿತು. ಸಿಟ್ಟಾಗಿದ್ದರೆ ಇಳಿಯುತ್ತಿತ್ತು.

ಸಾಹೇಬರ ಜೊತೆ ಬಂದ ದೊರೆಸಾನಿ ಬಾಗಿ ಕೆಂಪಂಚಿನ ಒಂದು ಹೂವನ್ನು ಮುಟ್ಟಿದಳು. ಕಡ್ಡಿ ಸಮೇತ ಕೈಗೇ ಬಂತು. ಬೇರಿಲ್ಲದ ಬುಡ ನೋಡಿ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಹೆಗಡೆಯವರೂ ನಕ್ಕರು! ದೊಡ್ಡವರು ನಕ್ಕರೆ ನಗಬೇಕೆಂಬುದಷ್ಟೇ ಅವರಿಗೆ ಗೊತ್ತಿತ್ತು, ಯಾರನ್ನು ನೋಡಿ ನಗುತ್ತಿದ್ದಾರೆಂಬುದು ಗೊತ್ತಾಗಲಿಲ್ಲ.

ಮನೆಗೆ ಬಂದವರೇ ಅಪ್ಪಣೆ ಕೊಡಿಸಿದರು. "ದೊರೆಸಾನಿಗೆ ಹೂವು ಭಾರೀ ಮನಸಿಗೆ ಬಂಜು. ಬಪ್ಪ ಮಳೆಗಾಲಕ್ಕೆ ಕಡ್ಡಿಯಲ್ಲ, ಗೆಡ್ಡೆ ಅಷ್ಟೂ ಅಲ್ಲೇ ನೆಡ್ಸ್ತೆ. ಅಂಗಳದಲ್ಲಿ ಒಂದೂ ಉಳಿಯದು ಬೇಡ."

"ಆಗ್ಲಿ" ಎಂದಳು ವೇದಾ.

ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಅವಳೇ ಗೆಡ್ಡೆ ಅಗೆದಳು. ಹೆಗಡೆಯವರು ಸಮಿತಿಗೆ ಹೋದ ಒಂದು ಮಧ್ಯಾಹ್ನ ಬುಟ್ಟಿಯನ್ನು ಗೋಡೆಯ ಮೇಲಿಟ್ಟು ಕೂಗಿದಳು. "ಶಮ್ಸು, ತಗಳೇ. ಎಲ್ಲಾ ನಿಂಗೇ."

ಶಮ್ಸುನ್ನಿಸಾ ಬುಟ್ಟಿ ಕೆದಕಿ ನೋಡಿದಳು. "ಯಾ ಅಲ್ಲಾ, ನಿಮ್ಮ ಅಮ್ಮನ ಮನೇದೂ ಉಂಟಲ್ರೀ ವೇದಕ್ಕಾ! ಯಜಮಾನ್ರಿಗೆ ಗೊತ್ತಾದ್ರೆ?"

"ಗೊತ್ತಾಗೂಕೆ ಅವರಿಗೆ ಹೂವಿನ ಮುಖ ಗೊತ್ತಿರಬೇಕಲೇ ಮಾರಾಯ್ತಿ."

ಗೋಡೆಯಾಚೆ ಶಮ್ಸುನ್ನಿಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವೇದಾಳಿಗೆ ನಗು ಬರಲಿಲ್ಲ. ಬುಟ್ಟಿ ಆಚೆ ಇಳಿದ ಮೇಲೂ ಸ್ವಲ್ಪ ಹೊತ್ತು ಗೋಡೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು.

ಮಳೆ ಹತ್ತಿರವಾಗುತ್ತಿದ್ದಂತೆ ಹೆಗಡೆಯವರು ಗೆಡ್ಡೆ ಕೇಳಿದರು. ವೇದಾ ಸಂತೆಯಿಂದ ತರಿಸಿದ ಗೆಣಸನ್ನು ಬೂದಿಯಲ್ಲಿ ಹೊರಳಿಸಿ ಬುಟ್ಟಿ ತುಂಬಿಕೊಟ್ಟಳು. ಹುಟ್ಟಿದಾಗಿನಿಂದ ಬೇಯಿಸಿದ ಗೆಣಸನ್ನೇ ಕಂಡ ಮಹಾನುಭಾವರು ಅದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿಕೊಂಡು ಹೋದರು. ಈ ಸಲ ತಾವೇ ನಿಂತು, ನವಿಲಿನ ಆಕಾರಕ್ಕೆ ನೆಡಿಸಿದರು.

ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆ ಕೂತವರ ಮುಖದಲ್ಲಿ ಹಿಗ್ಗೋ ಹಿಗ್ಗು. "ಹತ್ತಿದ್ದು ಅಂದ್ರೆ ಹೆಂಗೆ ಹತ್ತಿದ್ದು! ಬಾಗಿಲು ದಾಟಿ ಚಿರತೆ ಗೂಡಿನವರೆಗೆ ಹಬ್ಬಿದ್ದು. ನಿನ್ನ ಅಂಗಳದಲ್ಲಿ ಯಾವತ್ತಾದ್ರೂ ಹಿಂಗೆ ಬಂದಿತ್ತಾ? ಹೂವೊಂದು ಬಪ್ಪದು ಬಾಕಿ."

"ಬತ್ತು. ಕಾಯವು" ಎಂದಳು ವೇದಾ.

"ಇದ್ಯಾವ ಹುಳಿ? ಚೊಲೋ ಆಜು. ಇನ್ನೊಂದು ಸೌಟು ಹಾಕು."

"ಗೆಣಸಿಂದು" ಎನ್ನುತ್ತ ಅವಳು ಬಗ್ಗಿ ಬಡಿಸಿದಳು. ತುರುಬಿನಲ್ಲಿ ಆಗಷ್ಟೇ ಗೋಡೆ ದಾಟಿ ಬಂದಿದ್ದ ಹೂವಿತ್ತು, ಬಿಳಿ ಎಸಳು, ಕೆಂಪು ಅಂಚು. ಹೆಗಡೆಯವರು ಎಲೆಯಿಂದ ತಲೆಯೆತ್ತದೆ ಅನ್ನ ಕಲಸತೊಡಗಿದರು.